ಜಿಂಕೆಗೆ ಸೀಸದ ಗುಂಡು: ಗಟ್ಟಿ ಬೇಕಾ, ಮೆತ್ತಗೆ ಬೇಕಾ?

ಪ್ರಶ್ನೆ:
ನಮಸ್ಕಾರ ಸರ್. ನನ್ನ ಊರು ಮಡಿಕೇರಿ ಕಡೆ, ಈಗ ಇರುವುದು ಓಹಾಯೋದಲ್ಲಿ. ಗ್ರೀನ್ ಕಾರ್ಡ್ ಇದೆ, ಹಂಟರ್ ಎಜುಕೇಶನ್ ಕೋರ್ಸೂ ಮುಗಿದಿದೆ. ಹಳೇ ಥಾಂಪ್ಸನ್ ಸೆಂಟರ್ ಕಂಟೆಂಡರ್ ಪಿಸ್ತೂಲು ಒಂದು ಸಿಕ್ಕಿದೆ. ತೋಟಾ .44 ಮ್ಯಾಗ್ನಮ್ ಅಳತೆಯದು, 10 ಇಂಚಿನ ನಳಿಗೆ, ಒಂದೇ ಈಡಿನದು. ಈ ಸೀಸನ್‌ಗೆ ಜಿಂಕೆಗೆ ಅದನ್ನೇ ಒಯ್ಯಬೇಕು ಅಂತ ಆಸೆ. ತೋಟಾ ನಾನೇ ತುಂಬಿಕೊಳ್ಳುತ್ತೇನೆ. ಆದರೆ ಅಂಗಡಿಯಲ್ಲಿ ಎರಕದ ಗುಂಡುಗಳನ್ನು ನೋಡಿ ತಲೆ ಕೆಟ್ಟಿತು. ಒಂದರ ಮೇಲೆ ಹಾರ್ಡ್ ಕಾಸ್ಟ್ (ಗಟ್ಟಿ ಎರಕ), ಬ್ರಿನೆಲ್ 22 ಅಂತ ಇದೆ. ಇನ್ನೊಂದರ ಮೇಲೆ 12. ಮೂತಿಯ ಆಕಾರಗಳೂ ಬೇರೆ ಬೇರೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದರು ಅಂಗಡಿಯವರು. ನಿಜವಾ?

ಉತ್ತರ, ಗುಂಪಿನ ಗನ್‌ಸ್ಮಿತ್ (ಕೋವಿ ರಿಪೇರಿಯವರು):
ಅಂಗಡಿಯವರ ಮಾತು ಕರಡಿಗೆ ಸರಿ, ಜಿಂಕೆಗೆ ಅಲ್ಲ. ದಪ್ಪ ಮೂಳೆ, ದಪ್ಪ ಮೈ ಇರುವ ಪ್ರಾಣಿಯ ಒಳಗೆ ಗುಂಡು ಆಳಕ್ಕೆ ಹೋಗಬೇಕು, ಅಲ್ಲಿ ಗಟ್ಟಿತನಕ್ಕೆ ಬೆಲೆ ಇದೆ. ಬಿಳಿಬಾಲದ ಜಿಂಕೆಯ ಎದೆ ಅಷ್ಟೇನೂ ಅಗಲ ಇಲ್ಲ. .44ರ 240 ಗ್ರೇನ್ (ಗುಂಡು, ಮದ್ದು ತೂಗುವ ಪುಟ್ಟ ಅಳತೆ) ಗುಂಡು ಅದನ್ನು ದಾಟಿಕೊಂಡು ಹೋಗುವುದೇ ಹೆಚ್ಚು. ಹಾಗಾಗಿ ನೀವು ನೋಡಬೇಕಾದ್ದು ಮೊದಲು ಅಳತೆ, ಆಮೇಲೆ ಮೂತಿ. ಗಟ್ಟಿತನ ಕೊನೆಗೆ.

ಬ್ರಿನೆಲ್ ಸಂಖ್ಯೆ ಅಂದರೆ ಲೋಹದ ಗಟ್ಟಿತನದ ಅಳತೆ. ಅಪ್ಪಟ ಸೀಸ 5ರ ಹತ್ತಿರ. ಕಾರಿನ ಚಕ್ರಕ್ಕೆ ಸಿಕ್ಕಿಸುತ್ತಿದ್ದ ಹಳೇ ಸೀಸದ ತೂಕಗಳನ್ನು ಕರಗಿಸಿದರೆ 11–12. ನೂರಕ್ಕೆ 90 ಸೀಸ, 5 ತವರ, 5 ಆಂಟಿಮನಿ ಸೇರಿಸಿದ ಲೈಮನ್ ನಂಬರ್ 2 ಮಿಶ್ರಣ 15ರ ಸುತ್ತಮುತ್ತ. ಹಿಂದೆ ಪತ್ರಿಕೆಯ ಅಚ್ಚುಮೊಳೆಗೆ ಬಳಸುತ್ತಿದ್ದ ಲೈನೋಟೈಪ್ ಲೋಹ 22. ಇದರಲ್ಲಿ ಆಂಟಿಮನಿ ಜಾಸ್ತಿ, ಹಾಗಾಗಿ ಗಟ್ಟಿಯೂ ಹೌದು, ಪೆಡಸೂ ಹೌದು. ಭುಜದ ಮೂಳೆಗೆ ಬಿದ್ದರೆ ಚೂರಾಗುವ ಸಾಧ್ಯತೆ ಇದೆ. ನಿಮ್ಮ ಕೆಲಸಕ್ಕೆ 11ರಿಂದ 15ರ ಒಳಗಿನ ಗುಂಡು ಸಾಕು.

ಇದು ಮೆತ್ತಗಿದೆ, ಹೊಕ್ಕ ಮೇಲೆ ಅರಳುತ್ತದೆ ಅಂತ ನಂಬಿ ಕೂರಬೇಡಿ. ಪಿಸ್ತೂಲಿನ ವೇಗದಲ್ಲಿ ಹತ್ತಿರದ ಈಡಿಗೆ ಸ್ವಲ್ಪ ಅರಳಬಹುದು. ದೂರಕ್ಕೆ ವೇಗ ಇಳಿದಿರುತ್ತದೆ, ಹೋದ ಹಾಗೇ ಹೊರಗೆ ಬರಬಹುದು. ಅದಕ್ಕೇ ಮೂತಿ ಚಪ್ಪಟೆ ಇರಬೇಕು ಅನ್ನುವುದು. ದುಂಡು ಮೂತಿಯ ಗುಂಡು ಮಾಂಸವನ್ನು ಆಚೀಚೆ ಸರಿಸಿ ಜಾರಿ ಹೋಗುತ್ತದೆ, ಹಿಂದೆ ಸಣ್ಣ ಗಾಯ ಉಳಿಯುತ್ತದೆ. ಚಪ್ಪಟೆ ಮೂತಿ ಅರಳದಿದ್ದರೂ ಅಗಲದ ದಾರಿ ಮಾಡಿಕೊಂಡು ಹೋಗುತ್ತದೆ. ಮೂತಿಯ ಚಪ್ಪಟೆ ಭಾಗ ಗುಂಡಿನ ಅಗಲದ ಸುಮಾರು ಮೂರನೇ ಎರಡು ಭಾಗದಷ್ಟಾದರೂ ಇರಲಿ. ಬಂದೂಕಿನ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಎಲ್ಮರ್ ಕೀತ್ ಹೆಸರಿನಲ್ಲಿ ಓಡಾಡುವ, ಚಪ್ಪಟೆ ಮೂತಿಯ ಕೆಳಗೆ ಚೂಪು ಅಂಚಿರುವ ಸೆಮಿ ವಾಡ್‌ಕಟರ್ ಆಕಾರವೂ ಆಗುತ್ತದೆ, ಅಗಲ ಮೂತಿಯ ಡಬ್ಲ್ಯೂಎಫ್‌ಎನ್ ಆಕಾರವೂ ಆಗುತ್ತದೆ. 240ರಿಂದ 260 ಗ್ರೇನ್ ತೂಕ ನೋಡಿ. 300 ಗ್ರೇನ್ ತಗೊಂಡರೆ ಪೆಟ್ಟು ನಿಮ್ಮ ಮಣಿಕಟ್ಟಿಗೇ ಜಾಸ್ತಿ, ಜಿಂಕೆಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಈಗ ಅಳತೆ. ಎಲ್ಲರೂ ಬಿಡುವುದು ಇದನ್ನೇ. ಪಿಸ್ತೂಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿಕೊಳ್ಳಿ. ಒಳಗೆ ಎಣ್ಣೆ ಸವರಿ. ನಳಿಗೆಗಿಂತ ಕೂದಲೆಳೆ ದಪ್ಪದ ಅಪ್ಪಟ ಸೀಸದ ಉಂಡೆಯನ್ನು ನಳಿಗೆಯ ಬಾಯಿಗೆ ಇಟ್ಟು, ಹಿತ್ತಾಳೆ ಸರಳಿನಿಂದ ನಿಧಾನವಾಗಿ ತಟ್ಟಿ ಆಚೆ ದಾಟಿಸಿ. ಹೊರಗೆ ಬಂದ ಉಂಡೆಯ ಮೇಲೆ, ಗುಂಡನ್ನು ತಿರುಗಿಸಲು ನಳಿಗೆಯ ಒಳಗೆ ಕೊರೆದಿರುವ ಗೀರುಗಳು ಅಚ್ಚಾಗಿರುತ್ತವೆ. ಉಬ್ಬಿದ ಗೆರೆಯಿಂದ ಎದುರಿನ ಉಬ್ಬಿದ ಗೆರೆಗೆ ಮೈಕ್ರೋಮೀಟರ್ ಹಿಡಿಯಿರಿ. .44ಕ್ಕೆ ಸಾಮಾನ್ಯವಾಗಿ 0.429 ಇಂಚು ಬರುತ್ತದೆ. ಗುಂಡು ಅದಕ್ಕಿಂತ ಸಾವಿರದ ಒಂದು ಇಂಚಿನಷ್ಟಾದರೂ ದಪ್ಪ ಇರಬೇಕು. ಅಂದರೆ 0.430, ಕೆಲವು ನಳಿಗೆಗೆ 0.431.

ಸಣ್ಣ ಗುಂಡು ಹಾಕಿದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ಆ ಸೀಸ ನಳಿಗೆಯ ಗೋಡೆಗೆ ಬೆಳ್ಳಿ ರೇಕಿನ ಹಾಗೆ ಅಂಟಿಕೊಳ್ಳುತ್ತದೆ. ಗುರಿ ಕೆಡುತ್ತದೆ. ಇಲ್ಲೇ ಗಟ್ಟಿ ಗುಂಡಿನ ಎಡವಟ್ಟು ಕಾಣುವುದು. ಮೆತ್ತಗಿದ್ದರೆ ಮದ್ದಿನ ಒತ್ತಡಕ್ಕೆ ಬುಡ ಸ್ವಲ್ಪ ಹಿಗ್ಗಿ ಸಂದು ಮುಚ್ಚುತ್ತದೆ. ಬ್ರಿನೆಲ್ 22ರದ್ದು ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ. ಸೀಸ ಮೆತ್ತುತ್ತಿದೆ, ಇನ್ನೂ ಗಟ್ಟಿ ಗುಂಡು ಕೊಡಿ ಅಂತ ಕೇಳಿಕೊಂಡು ಬರುವವರು ಸುಮಾರು ಜನ. ಅವರಿಗೆ ಬೇಕಾದ್ದು ಅದೇ ಮಿಶ್ರಣದ, ಸ್ವಲ್ಪ ದಪ್ಪದ ಗುಂಡು.

ಕಂಟೆಂಡರ್‌ನಲ್ಲಿ ನಿಮಗೆ ಒಂದು ಅನುಕೂಲವೂ ಇದೆ. ವಾರನ್ ಸೆಂಟರ್ ಮಾಡಿದ ಈ ವಿನ್ಯಾಸ 1967ರಲ್ಲಿ ಮಾರುಕಟ್ಟೆಗೆ ಬಂತು. ನಳಿಗೆ ಕೀಲಿನ ಮೇಲೆ ಕೆಳಕ್ಕೆ ಬಾಗುತ್ತದೆ, ನಮ್ಮ ಊರಿನ ತೋಟೆ ಕೋವಿ ಇದ್ದ ಹಾಗೆ. ರಿವಾಲ್ವರ್‌ನಲ್ಲಾದರೆ ತೋಟಾದ ಉದ್ದ ಸಿಲಿಂಡರಿನೊಳಗೆ ಹಿಡಿಯಬೇಕು, ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಅನಿಲವೂ ಸೋರುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ಗುಂಡಿನ ಮೂತಿ ನಳಿಗೆಯ ಗೀರುಗಳ ಹತ್ತಿರಕ್ಕೆ ಬರುವಂತೆ ಕೂರಿಸಬಹುದು. ಎರಕದ ಗುಂಡಿಗೆ ಇದರಿಂದ ಗುರಿ ಸುಧಾರಿಸುತ್ತದೆ. ಮದ್ದಿನ ಪ್ರಮಾಣ ಮಾತ್ರ ಮುದ್ರಿತ ಕೈಪಿಡಿಯಲ್ಲಿ ಆ ಗುಂಡಿಗೇ ಕೊಟ್ಟಿರುವುದನ್ನು ನೋಡಿ, ಕಡಿಮೆಯಿಂದ ಶುರು ಮಾಡಿ. ಇಲ್ಲಿ ಯಾರಾದರೂ ಕಾಮೆಂಟಿನಲ್ಲಿ ಇಷ್ಟು ಗ್ರೇನ್ ಮದ್ದು ಹಾಕಿ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, ಹೇಳಿದವನು ನಾನೇ ಆಗಿದ್ದರೂ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಗ್ಯಾಸ್ ಚೆಕ್ ಇರುವ ಗುಂಡು ತಗೊಳ್ಳಬೇಕಾ? ಮತ್ತೆ ಎಷ್ಟು ದೂರದವರೆಗೆ ಹೊಡೆಯಬಹುದು?

ಗನ್‌ಸ್ಮಿತ್:
ಗ್ಯಾಸ್ ಚೆಕ್ ಅಂದರೆ ಗುಂಡಿನ ಬುಡಕ್ಕೆ ಕೂರಿಸುವ ಪುಟ್ಟ ತಾಮ್ರದ ಬಟ್ಟಲು, ಬಿಸಿ ಅನಿಲ ಸೀಸವನ್ನು ತಿನ್ನದಂತೆ ಕಾಯುತ್ತದೆ. ಸೆಕೆಂಡಿಗೆ 1,400 ಅಡಿ ವೇಗದವರೆಗೆ ಅಳತೆ ಸರಿ ಇದ್ದರೆ ಸಾದಾ ಬುಡವೇ ನಡೆಯುತ್ತದೆ. ಅದಕ್ಕಿಂತ ಮೇಲೆ ಹೋಗುವುದಾದರೆ ಹಾಕಿಕೊಳ್ಳಿ. ಜಿಂಕೆಗೆ ಅಷ್ಟು ಓಡಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ದೂರ ನಿಮ್ಮ ಕೈ ಹೇಳಬೇಕು. ಊಟದ ತಟ್ಟೆ ಒಂದನ್ನು ಗುರಿ ಇಡಿ. ಕಾಡಿನಲ್ಲಿ ಕೂರುವ ಭಂಗಿಯಲ್ಲೇ, ಶೂಟಿಂಗ್ ಸ್ಟಿಕ್ ಮೇಲೆ ಕೈ ಊರಿ ಹೊಡೆಯಿರಿ. ಪ್ರತಿ ಈಡೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ. ಹೊಸಬರಿಗೆ ಅದು 50 ಗಜ ಇರಬಹುದು, ಬೇಜಾರೇನಿಲ್ಲ. ಈ ಗುಂಡು 100 ಗಜ ದಾಟಿದ ಮೇಲೆ ಬೇಗ ಬೇಗ ಕೆಳಗೆ ಇಳಿಯುತ್ತದೆ. ಎರಡನೇ ಈಡು ತುಂಬುವ ಹೊತ್ತಿಗೆ ಜಿಂಕೆ ಅಲ್ಲಿರುವುದಿಲ್ಲ.

ಜಿಂಕೆ ಅಡ್ಡ ನಿಂತಾಗ ಎರಡೂ ಶ್ವಾಸಕೋಶ ಹಾಯುವ ಹಾಗೆ, ಮುಂಗಾಲಿನ ಹಿಂದೆ ಹೊಡೆಯಿರಿ. ಅಲ್ಲೇ ಬೀಳಲಿಲ್ಲ ಅಂತ ಗಾಬರಿ ಬೇಡ. ಸೀಸದ ಗುಂಡು ಬಿದ್ದ ಜಿಂಕೆ ಸಾಮಾನ್ಯವಾಗಿ ಸ್ವಲ್ಪ ದೂರ ಓಡುತ್ತದೆ. ಅರ್ಧ ಗಂಟೆ ಸುಮ್ನೆ ಕೂತು ಆಮೇಲೆ ರಕ್ತದ ಜಾಡು ಹಿಡಿಯಿರಿ. ಗುಂಡು ಆಚೆ ದಾಟಿದ್ದರೆ ಎರಡು ತೂತು, ಜಾಡು ಚೆನ್ನಾಗಿ ಸಿಗುತ್ತದೆ.

ಮತ್ತೊಬ್ಬ ಸದಸ್ಯರು:
ನಾನು ಸ್ಯಾನ್ ಹೋಸೆಯಲ್ಲಿದ್ದೇನೆ, ಎಚ್-1ಬಿ ಮೇಲೆ. ನನಗೂ ಇದು ಆಗುತ್ತಾ ಸರ್?

ಗನ್‌ಸ್ಮಿತ್:
ಸೀಸದ ಗುಂಡು ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ರಾಜ್ಯದಾದ್ಯಂತ ನಿಷೇಧ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸ ತಿಂದು ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದವು. ಅಲ್ಲಿ ತಾಮ್ರದ ಗುಂಡೇ ಗತಿ.

ವೀಸಾ ವಿಷಯ ಇನ್ನೂ ಮುಖ್ಯ. ಎಚ್-1ಬಿ ಥರದ ವಲಸೆಯೇತರ ವೀಸಾ ಇರುವವರು ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳಬಾರದು ಅಂತ ಅಮೆರಿಕದ ಕೇಂದ್ರ ಕಾನೂನು. ಅದಕ್ಕೆ ಇರುವ ಕೆಲವು ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಲೈಸೆನ್ಸಿನ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಕೊಳ್ಳುವ ಮೊದಲು ವಕೀಲರನ್ನು ಕೇಳಿ, ಇಲ್ಲಿ ಎಡವಿದರೆ ಹೋಗುವುದು ವೀಸಾ.

ಮೊದಲು ಕೇಳಿದವರಿಗೂ ಒಂದು ಮಾತು. ಓಹಾಯೋದಲ್ಲಿ ಜಿಂಕೆಗೆ ಪಿಸ್ತೂಲಾದರೆ ಕನಿಷ್ಠ 5 ಇಂಚಿನ ನಳಿಗೆ, .357 ಅಥವಾ ದೊಡ್ಡ, ನೇರ ಗೋಡೆಯ ತೋಟಾ ಇರಬೇಕು. ನಿಮ್ಮ .44 ಸರಿಹೋಗುತ್ತದೆ. ಕಂಟೆಂಡರ್‌ಗೆ .30-30 ನಳಿಗೆಯೂ ಸಿಗುತ್ತದೆ, ಆ ತೋಟಾದ ಕತ್ತು ಕಿರಿದು, ಹಾಗಾಗಿ ಅಲ್ಲಿ ನಡೆಯುವುದಿಲ್ಲ. ಪಕ್ಕದ ರಾಜ್ಯಕ್ಕೆ ಹೋದರೆ ನಿಯಮ ಬೇರೆ. ಕೆಲವು ಕಡೆ ಅರಳುವ ಗುಂಡೇ ಆಗಬೇಕು ಅನ್ನುತ್ತಾರೆ. ಆ ವರ್ಷದ ನಿಯಮಪುಸ್ತಕ ಓದಿ.

ಮಡಿಕೇರಿಯಿಂದ ಒಬ್ಬರು:
ನಮ್ಮ ಮನೆಯಲ್ಲೂ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಇದೆಲ್ಲ ಇಲ್ಲಿ ಮಾಡಬಹುದಾ?

ಗನ್‌ಸ್ಮಿತ್:
ತೆಂಗಿನಕಾಯಿಗೆ ಹೊಡೆಯಿರಿ, ಜಿಂಕೆಗೆ ಬೇಡ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, 2029ರವರೆಗೆ ವಿಸ್ತರಿಸಿದ್ದಾರೆ. ಬೇಟೆಗೆ ಅದು ಅನುಮತಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ, ಜಿಂಕೆಗೆ ಈಡು ಹೊಡೆದರೆ ಜೈಲು.

ಪ್ರಶ್ನೆ ಕೇಳಿದವರು:
ಕೊನೇದು ಸರ್. ಗ್ಯಾರೇಜಿನಲ್ಲಿ ನಾನೇ ಎರಕ ಹೊಯ್ಯಬಹುದಾ? ಮನೆಯಲ್ಲಿ ಚಿಕ್ಕ ಮಗು ಇದೆ. ಆ ಮಾಂಸ ಮಗುವಿಗೆ ಕೊಡಬಹುದಾ?

ಗನ್‌ಸ್ಮಿತ್:
ಮಗು ಚಿಕ್ಕದಿದ್ದರೆ ಈಗ ಎರಕ ಬೇಡ, ಗುಂಡು ಕೊಂಡುಕೊಳ್ಳಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಆ ಬಿಸಿಯಲ್ಲಿ ಹೊಗೆಗಿಂತ ತೊಂದರೆ ಕೊಡುವುದು ಮೇಲೆ ಕಟ್ಟುವ ಕಿಟ್ಟದ ಧೂಳು. ಅದು ಕೈ, ಅಂಗಿ, ಚಪ್ಪಲಿಗೆ ಹತ್ತಿ ಒಳಗೆ ಬರುತ್ತದೆ. ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಆವಿಯಾಗಿ ಸಿಡಿದು ಮುಖಕ್ಕೇ ಎರಚುತ್ತದೆ. ಈಗಿನ ಚಕ್ರದ ತೂಕಗಳಲ್ಲಿ ಸತುವೂ ಬೆರೆತಿರುತ್ತದೆ. ಅದು 419 ಡಿಗ್ರಿಗೆ ಕರಗಿ ಸೀಸದಲ್ಲಿ ಸೇರಿದರೆ ಅಚ್ಚು ಸರಿಯಾಗಿ ತುಂಬುವುದಿಲ್ಲ.

ಮಾಂಸದ ವಿಷಯಕ್ಕೆ ಬಂದರೆ, ರೈಫಲ್ಲಿನ ತೆಳು ಕವಚದ ಗುಂಡು ಜೋರು ವೇಗದಲ್ಲಿ ಕಣ್ಣಿಗೆ ಕಾಣದ ಸೀಸದ ಚೂರುಗಳನ್ನು ದೂರದವರೆಗೂ ಚೆಲ್ಲುತ್ತದೆ. ನಿಧಾನದ ಎರಕದ ಗುಂಡು ಚೆಲ್ಲುವುದು ಕಡಿಮೆ, ಇಲ್ಲವೇ ಇಲ್ಲ ಅನ್ನಲಾಗದು. ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಆ ಭಾಗವನ್ನು ಕೈಮಾ ಮಾಡಬೇಡಿ. ಮಗುವಿಗೆ ಮತ್ತು ಬಸುರಿಯರಿಗೆ ಸೀಸದ ಗುಂಡಿನಲ್ಲಿ ಹೊಡೆದ ಮಾಂಸ ಕೊಡದಿರುವುದೇ ಒಳ್ಳೆಯದು. ಮಗುವಿಗೂ ತಿನ್ನಿಸಬೇಕು ಅಂತಿದ್ದರೆ ಈ ಸಲ ಅದೇ ಪಿಸ್ತೂಲಿಗೆ ತಾಮ್ರದ ಗುಂಡು ಹಾಕಿಕೊಳ್ಳಿ.