ಫ್ಯಾನ್ ಇಲ್ಲದ ಪುಟ್ಟ ಕಂಪ್ಯೂಟರಿಗೆ ಡೆಬಿಯನ್: ಇನ್‌ಸ್ಟಾಲ್ ಮುಗಿದರೂ ಬೂಟ್ ಆಗುತ್ತಿಲ್ಲ

ಪ್ರಶ್ನೆ (ಸಕಲೇಶಪುರ): ನಮಸ್ಕಾರ ಸರ್. ಕಾಫಿ ತೋಟದ ಆಫೀಸಿಗೆ ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ (ಸರ್ವರಿಗೆ ಜೋಡಿಸಿ ಬಳಸಲೆಂದು ಮಾಡಿದ ಪುಟ್ಟ ಕಂಪ್ಯೂಟರ್) ತಂದಿದ್ದೇವೆ. ಇಂಟೆಲ್ ಆಟಮ್, 2 ಜಿಬಿ ರ‍್ಯಾಮ್, ಬೋರ್ಡಿಗೇ ಬೆಸೆದ 8 ಜಿಬಿ ಇಎಂಎಂಸಿ (ಡಿಸ್ಕಿನ ಬದಲಿಗಿರುವ ಫ್ಲಾಶ್ ಮೆಮೊರಿ ಚಿಪ್). ರೈಟರ್ (ತೋಟದ ಗುಮಾಸ್ತ) ಬರೆಯುವ ಹಾಜರಿ, ಮಳೆ ಲೆಕ್ಕದ ಫೈಲುಗಳು ಆಫೀಸಿನ ಎರಡು ಕಂಪ್ಯೂಟರಿಗೂ ಸಿಗಬೇಕು, ಅಷ್ಟೇ ಕೆಲಸ. ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿದೆ, ತಕರಾರಿಲ್ಲದೆ ಮುಗಿಯಿತು. ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ಬೂಟ್ ಡಿಸ್ಕೇ ಇಲ್ಲ ಅನ್ನುತ್ತದೆ. ಮೂರು ಸಲ ಹಾಕಿದರೂ ಅದೇ ಕಥೆ. ಇಎಂಎಂಸಿ ಹೋಗಿದೆಯಾ?

ಉತ್ತರ: ಹೋಗಿರಲಿಕ್ಕಿಲ್ಲ. ಕೆಟ್ಟಿದ್ದರೆ ಸಾಮಾನ್ಯವಾಗಿ ಫೈಲ್ ಬರೆಯುವಾಗಲೇ ಇನ್‌ಸ್ಟಾಲರ್ ತಪ್ಪು ತೋರಿಸಿ ನಿಲ್ಲುತ್ತದೆ. ಡೆಬಿಯನ್ ತನ್ನ ಬೂಟ್‌ಲೋಡರನ್ನು (ಸಿಸ್ಟಮ್ಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಹೆಸರು ಗ್ರಬ್) ಇಎಫ್‌ಐ ಪಾರ್ಟಿಷನ್ನಿನಲ್ಲಿ (ಡಿಸ್ಕಿನಲ್ಲಿ ಬೂಟ್ ಫೈಲುಗಳಿಗೆಂದೇ ಇರುವ ಭಾಗ) ‘ಡೆಬಿಯನ್’ ಅನ್ನುವ ಫೋಲ್ಡರಿನಲ್ಲಿಟ್ಟು, ಅದು ಎಲ್ಲಿದೆ ಎಂಬುದನ್ನು ಬೋರ್ಡಿನ ಫರ್ಮ್‌ವೇರಿಗೆ (ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಬರೆದುಕೊಡುತ್ತದೆ. ಕೆಲವು ಥಿನ್ ಕ್ಲೈಂಟುಗಳು ಆ ಬರಹವನ್ನು ನೋಡುವುದೇ ಇಲ್ಲ. ‘ಬೂಟ್’ ಫೋಲ್ಡರಿನಲ್ಲಿ ‘ಬೂಟ್‌ಎಕ್ಸ್64’ ಹೆಸರಿನ ಫೈಲ್ ಇದ್ದರೆ ಏಳುತ್ತವೆ, ಇಲ್ಲವಾದರೆ ಇಲ್ಲ. ಹಾಗಾಗಿ ಎಷ್ಟು ಸಲ ಹಾಕಿದರೂ ಫಲ ಒಂದೇ.

ನಾಲ್ಕನೇ ಸಲ ಇನ್‌ಸ್ಟಾಲ್ ಮಾಡಬೇಡಿ. ಅದೇ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಮೊದಲ ಪರದೆಯ ತಲೆಬರಹದಲ್ಲಿ ‘ಯುಇಎಫ್‌ಐ’ (ಹೊಸ ಬಗೆಯ ಫರ್ಮ್‌ವೇರ್) ಎಂದಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನದ್ದೆಲ್ಲ ದಂಡ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ರೆಸ್ಕ್ಯೂ ಮೋಡ್ ಆರಿಸಿ. ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಭಾಗ) ಕೇಳಿದಾಗ, ಇಎಂಎಂಸಿಯ ಹೆಸರು ‘ಎಸ್‌ಡಿಎ’ ಅಲ್ಲ, ‘ಎಂಎಂಸಿಬಿಎಲ್‌ಕೆ’ ಎಂದು ಶುರುವಾಗುತ್ತದೆ. ನೀವು ಇನ್‌ಸ್ಟಾಲರ್ ಹೇಳಿದಂತೆಯೇ ಬಿಟ್ಟಿದ್ದರೆ ‘ಪಿ1’ ಇಎಫ್‌ಐ, ‘ಪಿ2’ ರೂಟ್. ‘ಬೂಟ್0’, ‘ಬೂಟ್1’ ಎಂದು ಮುಗಿಯುವ ಸಾಧನಗಳು ಇಎಂಎಂಸಿಯ ಒಳಗಿನವು, ಅವುಗಳ ತಂಟೆ ಬೇಡ. ಇಎಫ್‌ಐ ಪಾರ್ಟಿಷನ್ ಮೌಂಟ್ ಮಾಡಲೇ (ಬಳಕೆಗೆ ಜೋಡಿಸಲೇ) ಎಂದರೆ ಹೌದು ಅನ್ನಿ. ಆಮೇಲೆ ಬರುವ ಪಟ್ಟಿಯಲ್ಲಿ, ಗ್ರಬ್ ಅನ್ನು ರಿಮೂವಬಲ್ ಮೀಡಿಯಾ ಪಾತ್‌ಗೆ (ಮೇಲೆ ಹೇಳಿದ ‘ಬೂಟ್’ ಫೋಲ್ಡರಿಗೆ) ಹಾಕುವ ಆಯ್ಕೆ ಇದೆ. ಅದನ್ನು ಒತ್ತಿ ರೀಬೂಟ್ ಮಾಡಿ.

ಪ್ರಶ್ನೆ (ಸಕಲೇಶಪುರ): ಬೂಟ್ ಆಯಿತು ಸರ್, ತುಂಬಾ ಉಪಕಾರ. ಈಗ ಆಪ್ಟ್ ಅಪ್‌ಡೇಟ್ (ಸಾಫ್ಟ್‌ವೇರ್ ಪಟ್ಟಿಯನ್ನು ಹೊಸದು ಮಾಡುವ ಆಜ್ಞೆ) ಕೊಟ್ಟರೆ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುತ್ತಿದೆ. ಇನ್ನೊಂದು, ಕರೆಂಟ್ ಹೋಗುವುದು ಹೆಚ್ಚು. ಅಡಾಪ್ಟರ್ 12 ವೋಲ್ಟಿನದು. ಇನ್ವರ್ಟರ್ ಬ್ಯಾಟರಿಯಿಂದಲೇ ನೇರ ವೈರ್ ಎಳೆಯಬಹುದಾ?

ಉತ್ತರ: ಮೊದಲನೆಯದಕ್ಕೆ ಕಾರಣ ಗಡಿಯಾರ. ಹಳೆಯ ಮೆಷಿನ್, ಒಳಗಿನ ಸಿಆರ್2032 ಸೆಲ್ ಸತ್ತಿರುತ್ತದೆ, ತಾರೀಖು ಹಿಂದಕ್ಕೆ ಹೋಗಿರುತ್ತದೆ. ಸೆಲ್ ಬದಲಿಸಿ ಬಯೋಸ್‌ನಲ್ಲಿ ಸಮಯ ಸರಿಪಡಿಸಿ. ಅಲ್ಲೇ ಇದ್ದಾಗ, ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಎಸಿ ರಿಕವರಿ ಆಯ್ಕೆಯನ್ನೂ ಹಾಕಿಬಿಡಿ.

ಬ್ಯಾಟರಿಗೆ ನೇರವಾಗಿ ಖಂಡಿತ ಬೇಡ. 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟಿನ ತನಕ ಏರುತ್ತದೆ, ಖಾಲಿಯಾಗುವಾಗ 11ರ ಹತ್ತಿರ ಇಳಿಯುತ್ತದೆ. ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಇರಲಿ, ಬ್ಯಾಟರಿಯ ಪ್ಲಸ್ ತುದಿಯಲ್ಲೇ 3 ಆಂಪ್ ಫ್ಯೂಸ್ ಹಾಕಿ. ಮೆಷಿನ್ನಿನ ತಳದ ಲೇಬಲ್ಲನ್ನೂ ಒಮ್ಮೆ ಓದಿ. ಕೆಲವು ಮಾದರಿಗಳು 5 ವೋಲ್ಟಿನಲ್ಲೂ ಬರುತ್ತವೆ, ಅದಕ್ಕೆ 12 ಕೊಟ್ಟರೆ ಬೋರ್ಡೇ ಹೋಗುತ್ತದೆ.

ಇನ್ನೊಬ್ಬ ಸದಸ್ಯರು (ಚಿಕ್ಕಮಗಳೂರು): 2 ಜಿಬಿ ರ‍್ಯಾಮ್ ಸಾಲದು, 2 ಜಿಬಿ ಸ್ವಾಪ್ ಫೈಲ್ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಮಾಡಿಕೊಳ್ಳಿ.

ಉತ್ತರ: ಇಲ್ಲಿ ಅದು ಸರಿಹೋಗುವುದಿಲ್ಲ ಸರ್. ಇಎಂಎಂಸಿಗೆ ಬರೆಯುವ ಆಯುಸ್ಸು ಇಷ್ಟೇ ಎಂದಿರುತ್ತದೆ. ಬೋರ್ಡಿಗೆ ಬೆಸೆದದ್ದು, ಸವೆದರೆ ಬದಲಿಸಲಾಗದು. ಸ್ವಾಪ್ ಬೇಕಿದ್ದರೆ ಝಡ್‌ರ‍್ಯಾಮ್ ಹಾಕಿ, ಅದು ರ‍್ಯಾಮಿನೊಳಗೇ ದತ್ತಾಂಶವನ್ನು ಹಿಂಡಿ ಇಡುತ್ತದೆ. ಡೆಸ್ಕ್‌ಟಾಪ್ ಬೇಡ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಇದನ್ನು ನಡೆಸಲು) ಮತ್ತು ಸಾಂಬಾ (ಫೈಲ್ ಹಂಚಲು) ಸಾಕು, ಈ ಕೆಲಸಕ್ಕೆ 2 ಜಿಬಿ ಧಾರಾಳ. ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಮಾಡುವ ಡಿಸ್ಕುಗಳ ಪಟ್ಟಿಯ ಫೈಲ್) ರೂಟಿಗೆ ‘ನೋ-ಎಟೈಮ್’ ಸೇರಿಸಿ, ಫೈಲ್ ಓದಿದಾಗಲೆಲ್ಲ ಸಮಯ ಬರೆಯುವುದು ತಪ್ಪುತ್ತದೆ. ಜರ್ನಲ್ ಲಾಗಿಗೆ (ಸಿಸ್ಟಮ್ ಬರೆದಿಡುವ ದಿನಚರಿ) 50 ಎಂಬಿ ಮಿತಿ ಹಾಕಿ. ಲಾಗನ್ನು ಪೂರ್ತಿ ರ‍್ಯಾಮಿನಲ್ಲೇ ಇಡುವವರೂ ಇದ್ದಾರೆ, ಆದರೆ ಕರೆಂಟ್ ಹೋಗಿ ಮೆಷಿನ್ ಕೈಕೊಟ್ಟಾಗ ಕಾರಣ ಹುಡುಕಲು ಏನೂ ಉಳಿಯುವುದಿಲ್ಲ. ನನಗೆ 50 ಎಂಬಿಯೇ ಮೇಲು.

ಹಾಜರಿಯ ಫೈಲುಗಳು ಯುಎಸ್‌ಬಿ ಎಸ್‌ಎಸ್‌ಡಿ ಮೇಲಿರಲಿ. ಅದನ್ನು ಯುಯುಐಡಿ (ಪಾರ್ಟಿಷನ್ನಿನ ಬದಲಾಗದ ಗುರುತು ಸಂಖ್ಯೆ) ಮೂಲಕ ಮೌಂಟ್ ಮಾಡಿ, ‘ನೋ-ಫೇಲ್’ ಬರೆಯಲು ಮರೆಯಬೇಡಿ. ಮರೆತರೆ, ಡಿಸ್ಕಿನ ವೈರ್ ಸಡಿಲವಾದ ದಿನ ಇಡೀ ಮೆಷಿನ್ ಎಮರ್ಜೆನ್ಸಿ ಮೋಡಿನಲ್ಲಿ ನಿಂತುಬಿಡುತ್ತದೆ, ಮಾನಿಟರ್ ಹಾಕಿಯೇ ನೋಡಬೇಕಾಗುತ್ತದೆ. ಹಳೆಯ ಸುತ್ತುವ ಹಾರ್ಡ್ ಡಿಸ್ಕಾದರೆ ಯುಎಸ್‌ಬಿ ಕೊಡುವ ಕರೆಂಟ್ ಸಾಲದೆ ಆಗಾಗ ಕಳಚಿಕೊಳ್ಳುತ್ತದೆ, ಪವರ್ ಇರುವ ಹಬ್ ಬೇಕು.

ಪ್ರಶ್ನೆ (ಸಕಲೇಶಪುರ): ಕೊನೆಯದು ಸರ್. ಮಳೆಗಾಲದಲ್ಲಿ ಆಫೀಸಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಮೆಷಿನ್ನನ್ನು ಎಲ್ಲಿಡಲಿ?

ಉತ್ತರ: ಸದಾ ಆನ್ ಇರಲಿ. ಕೋಣೆಗಿಂತ ಸ್ವಲ್ಪ ಬೆಚ್ಚಗಿದ್ದರೆ ಒಳಗೆ ತೇವ ಕೂರುವುದಿಲ್ಲ, ರಾತ್ರಿ ಆಫ್ ಮಾಡಿದರೇ ತೊಂದರೆ. ಬೀರುವಿನೊಳಗೆ ಬೇಡ. ಹೊರಗೋಡೆಗೆ ತಾಗದಂತೆ ಮೇಜಿನ ಮೇಲೆ ನಿಲ್ಲಿಸಿ, ಬಿಸಿಗಾಳಿ ಮೇಲೇಳಲು ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಎಲ್‌ಎಂ-ಸೆನ್ಸರ್ಸ್ ಹಾಕಿ ಬಿಸಿ ನೋಡುತ್ತಿರಿ, ಇಷ್ಟು ಸಣ್ಣ ಕೆಲಸಕ್ಕೆ 75 ಡಿಗ್ರಿ ದಾಟಿದರೆ ಗಾಳಿಯಾಡುತ್ತಿಲ್ಲ ಎಂದರ್ಥ. ಬೆಚ್ಚಗಿನ ಜಾಗಕ್ಕೆ ಇರುವೆ ಗೂಡು ಕಟ್ಟುತ್ತದೆ, ತಿಂಗಳಿಗೊಮ್ಮೆ ರಂಧ್ರಗಳನ್ನು ನೋಡಿ. ಆಫೀಸಿನಿಂದ ಪಲ್ಪರ್ ಮನೆಗೋ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಜಾಗ) ಗೋಡೌನಿಗೋ ತಾಮ್ರದ ಲ್ಯಾನ್ ವೈರ್ ಎಳೆದಿದ್ದರೆ ಏಪ್ರಿಲ್ ಗುಡುಗಿಗೆ ಮುಂಚೆ ಅದನ್ನು ಫೈಬರಿಗೆ ಬದಲಿಸಿ. ಸಿಡಿಲಿನ ಹೊಡೆತ ಆ ವೈರಿನಲ್ಲೇ ಒಳಗೆ ಬರುತ್ತದೆ.