150 ಮಿ.ಮೀ. ಗ್ಯಾಸ್ ಲೈನ್‌ಗೆ ಬಟರ್‌ಫ್ಲೈ ವಾಲ್ವ್: ಯಾವ ಸೈಜ್?

ಪ್ರಶ್ನೆ: ಫರ್ನೇಸ್ ಬರ್ನರ್‌ಗೆ ನ್ಯಾಚುರಲ್ ಗ್ಯಾಸ್, ಗರಿಷ್ಠ ಗಂಟೆಗೆ 400 ನಾರ್ಮಲ್ ಘನ ಮೀಟರ್ (0 ಡಿಗ್ರಿ ಸೆಲ್ಸಿಯಸ್, ವಾತಾವರಣದ ಒತ್ತಡಕ್ಕೆ ಲೆಕ್ಕ ಹಾಕಿದ್ದು). ವಾಲ್ವ್ ಮುಂಚೆ 300 ಮಿಲಿಬಾರ್, ಆಮೇಲೆ 200 ಬೇಕು. ಪೈಪ್ ಅಳತೆಯದೇ 150ರ ಬಟರ್‌ಫ್ಲೈ ವಾಲ್ವ್ (ಒಳಗಿನ ಡಿಸ್ಕ್ ತಿರುಗಿ ಹರಿವು ಹೊಂದಿಸೋದು) ಹಾಕಿದೆ. ಫುಲ್ ಫೈರಿಂಗ್‌ನಲ್ಲೂ ಡಿಸ್ಕ್ 15–20 ಡಿಗ್ರಿ ದಾಟಿ ತೆರೆಯಲ್ಲ, ಜ್ವಾಲೆ ಏರುಪೇರಾಗುತ್ತೆ. ಕಂಟ್ರೋಲರ್ ಟ್ಯೂನ್ ಮಾಡಿದ್ರೂ ಅಷ್ಟೇ.

ಉತ್ತರ 1: ಟ್ಯೂನಿಂಗ್ ಬಿಡಿ ಸರ್, ವಾಲ್ವೇ ದೊಡ್ಡದು. ನಿಮ್ಮ ಲೆಕ್ಕಕ್ಕೆ ಕೆವಿ (ವಾಲ್ವ್ ಎಷ್ಟು ಹರಿವು ಬಿಡುತ್ತೆ ಅನ್ನೋ ಅಳತೆ) ಸುಮಾರು 34 ಸಾಕು. 150ರ ವಾಲ್ವ್ ಪೂರ್ತಿ ತೆರೆದರೆ ಅದರ ಹಲವು ಪಟ್ಟು. ಅಷ್ಟು ಕಮ್ಮಿ ತೆರೆದಾಗ ಒಂದು ಡಿಗ್ರಿ ಅಲುಗಿದರೂ ಹರಿವು ಜಿಗಿಯುತ್ತೆ. 65 ಮಿ.ಮೀ. ನೋಡಿ, ಎರಡೂ ಕಡೆ ರೆಡ್ಯೂಸರ್ (ದೊಡ್ಡ ಪೈಪನ್ನ ಚಿಕ್ಕ ಅಳತೆಗೆ ಜೋಡಿಸೋದು) ಹಾಕಿ. ಗರಿಷ್ಠ ಹರಿವು 60 ಡಿಗ್ರಿ ಒಳಗೆ ಬರಬೇಕು. ತಯಾರಕರ ಕೋನ–ಕೆವಿ ಪಟ್ಟಿಯಲ್ಲೇ ನೋಡಿ, ಅಂದಾಜು ಬೇಡ.

ಉತ್ತರ 2: ಸೈಜ್ ಜೊತೆಗೆ ಲಿಂಕೇಜ್ (ಮೋಟರ್‌ನಿಂದ ವಾಲ್ವ್‌ಗೆ ಹೋಗೋ ಕಡ್ಡಿ-ಪಿನ್ ಜೋಡಣೆ) ಸಡಿಲ ಇದೆಯಾ ನೋಡಿ. ಪಿನ್ ಸವೆದಿದ್ರೆ ಹೊಸ ವಾಲ್ವೂ ಹಂಟಿಂಗ್ ಮಾಡುತ್ತೆ (ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ಓಲಾಡುತ್ತೆ). ಆಕ್ಚುಯೇಟರ್ (ವಾಲ್ವ್ ತಿರುಗಿಸೋ ಮೋಟರ್) ನೇರ ಶಾಫ್ಟ್‌ಗೇ ಕೂರಿಸೋದು ವಾಸಿ. ಎಲ್ಬೋಗೆ (ಪೈಪ್ ತಿರುವಿಗೆ) ಅಂಟಿಸಿ ವಾಲ್ವ್ ಹಾಕಬೇಡಿ, ಡಿಸ್ಕ್ ಮೇಲೆ ಓರೆ ಹರಿವು ಬಿದ್ದು ಟಾರ್ಕ್ (ತಿರುಗಿಸೋಕೆ ಬೇಕಾದ ಬಲ) ಏರುತ್ತೆ.

ಉತ್ತರ 3: ರಬ್ಬರ್ ಸೀಟ್ ಇದ್ರೆ ನೈಟ್ರೈಲ್ ರಬ್ಬರ್ ಕೇಳಿ; ಇಪಿಡಿಎಂ ಅನ್ನೋ ರಬ್ಬರ್ ಹೈಡ್ರೋಕಾರ್ಬನ್‌ಗೆ ಉಬ್ಬುತ್ತೆ. ಥ್ರಾಟ್ಲಿಂಗ್‌ಗೆ (ಹರಿವು ಹೆಚ್ಚು ಕಮ್ಮಿ ಮಾಡೋಕೆ) ಮಾತ್ರ ಅಂದ್ರೆ ಸೀಟ್ ಇಲ್ಲದ್ದೇ ಲೇಸು, ಘರ್ಷಣೆ ಕಮ್ಮಿ. ಆದರೆ ಅದು ಗ್ಯಾಸ್ ಪೂರ್ತಿ ನಿಲ್ಲಿಸಲ್ಲ. ಸೇಫ್ಟಿ ಶಟ್‌ಆಫ್ ವಾಲ್ವ್ ಬೇರೆ ಇರಲೇಬೇಕು, ಇದನ್ನ ಅದರ ಬದಲಿಗೆ ನಂಬಬೇಡಿ.