ಬಾಲಿ ಮ್ಯಾರಥಾನ್‌ಗೆ ಹೊರಟಿದೀನಿ, ಓಡಿ ಬಂದೋರು ಸ್ವಲ್ಪ ಹೇಳಿ

ಕೇಳ್ತಿರೋದು, ಮೈಸೂರು ವಿಜಯನಗರದಿಂದ:
ಎಲ್ರಿಗೂ ನಮಸ್ಕಾರ. ಆಗಸ್ಟ್ ಕೊನೇಲಿ ಬಾಲೀಲಿ ನಡೆಯೋ ಮ್ಯಾರಥಾನ್‌ಗೆ ಹೆಸ್ರು ಕೊಟ್ಟಿದೀನಿ, ಫುಲ್ಲು, 42.195. ವಾರವೆಲ್ಲ ಕುಕ್ಕರಹಳ್ಳಿ ಕೆರೆ ಸುತ್ತು, ಭಾನುವಾರ ಚಾಮುಂಡಿ ಬೆಟ್ಟ. ಇಲ್ಲಿ ಒಂದ್ಸಲ 4 ಗಂಟೆ 20 ನಿಮಿಷಕ್ಕೆ ಮುಗ್ಸಿದೀನಿ, ಅಲ್ಲೂ ಅದೇ ಟೈಮ್ ಇಟ್ಕೋಬಹುದಾ? ಹೆಂಡ್ತಿ ಮಗಳೂ ಬರ್ತಿದಾರೆ.

ಕುವೆಂಪುನಗರದಿಂದ:
ಟೈಮ್ ಆಸೆ ಬಿಟ್ಬಿಡಿ ಸಾರ್. ನಾನೂ ಹಿಂಗೇ, ಬೆಟ್ಟ ಹತ್ತೋನಿಗೆ ಬಾಲಿ ಏನು ಮಹಾ ಅಂತ ಹೋದೆ. ಸ್ಟಾರ್ಟು ಗಿಯಾನ್ಯಾರ್ ಕಡೆ, ಸಫಾರಿ ಪಾರ್ಕ್ ಹತ್ರ, ಬೆಳಗಿನ ಜಾವ ಇನ್ನೂ ಕತ್ತಲು, ಅಲ್ಲಿ 5 ಗಂಟೆ ಅಂದ್ರೆ ನಮ್ಮ ಮೈಸೂರಲ್ಲಿ ರಾತ್ರಿ ಎರಡೂವರೆ, ನಿದ್ದೇನೇ ಆಗಿರಲ್ಲ. ಮೊದಲ 10 ಕಿಲೋಮೀಟರ್ ಹುಮ್ಮಸ್ಸಲ್ಲಿ ಹೋಯ್ತು, ಆಮೇಲೆ ಶುರುವಾಯ್ತು ನೋಡಿ. ಇಲ್ಲಿ ನಾವು ಸಮುದ್ರ ಮಟ್ಟದಿಂದ 760 ಮೀಟರ್ ಮೇಲಿದೀವಿ, ಬೆಳಿಗ್ಗೆ ತಣ್ಣಗಿರುತ್ತೆ, ಬಂದ ಬೆವರು ಆರುತ್ತೆ, ಅದು ಆರಿದ್ರೆ ತಾನೇ ಮೈ ತಣ್ಣಗಾಗೋದು. ಅಲ್ಲಿ ಗಾಳಿ ತುಂಬಾ ನೀರೇ ಇರೋದ್ರಿಂದ ಬೆವರು ಆರೋ ಮಾತೇ ಇಲ್ಲ, ಸುಮ್ನೆ ಸುರೀತಾನೇ ಇರುತ್ತೆ, ಮೈ ಒಳಗೇ ಬೇಯುತ್ತೆ, ಎದೆಬಡಿತ ಏರುತ್ತೆ, 15ನೇ ಕಿಲೋಮೀಟರ್‌ಗೆ ಶೂ ಒಳಗೆ ಪಚಪಚ ಅಂತಿತ್ತು. ಇದರ ಮೇಲೆ ಏರು ಬೇರೆ. 28ಕ್ಕೆ ನಡೆಯೋಕ್ ಶುರು ಮಾಡಿದೋನು ಮುಗ್ಸಿದ್ದು 5 ಗಂಟೆ 25ಕ್ಕೆ. ಇಲ್ಲಿ 4.10 ಓಡ್ತಿದ್ದೋನು ನಾನು!

ಸೆಕೆಗೆ ಮೈ ಒಗ್ಗೋಕೆ 10ರಿಂದ 14 ದಿನ ಬೇಕು, ವಾಪಸ್ ಬಂದ್ರೆ ಕೆಲವೇ ವಾರದಲ್ಲಿ ಹೋಗ್ಬಿಡುತ್ತೆ ಕೂಡ. ಆಗಸ್ಟ್ ಮೊದಲಲ್ಲಿ ಮಂಗಳೂರು ಕಡೆ ಹೋಗಿ ದಿನಾ ಒಂದು ಗಂಟೆ ಓಡಿ, ಮಳೆ ಇದ್ರೂ ಪರವಾಗಿಲ್ಲ.

ಮಂಡ್ಯದಿಂದ:
ಅಣ್ಣ, ಸೆಕೆ ವಿಷ್ಯ ಮೇಲಿನೋರು ಹೇಳಿದ್ದು ನಿಜ, ಆದ್ರೆ ಹೆದ್ರುಸ್ಬುಟ್ರು. ನಾನಂತೂ ವಾಚ್ ನೋಡ್ದಲೇ ಓಡ್ದೆ. ಬೆಳಕು ಹರೀತಿದ್ದಂಗೆ ಎರಡೂ ಕಡೆ ಗದ್ದೆ, ನಮ್ಮ ವಿ.ಸಿ. ನಾಲೆ ಏರಿ ಮೇಲೆ ಓಡ್ತಾ ಇದೀನೇನೋ ಅನ್ನಿಸ್ಬುಡ್ತು, ತೆಂಗಿನ್ಮರ ಬೇರೆ. ಅಲ್ಲಿ ನೀರು ಹಂಚ್ಕೊಳ್ಳೋಕೆ ಸುಬಾಕ್ ಅಂತ ಗದ್ದೆಯೋರೇ ಕೂಡ್ಕೊಂಡು ಮಾಡ್ಕೊಂಡಿರೋ ಪದ್ಧತಿ, ಅದಕ್ಕೊಂದು ದೇವಸ್ಥಾನ, 2012ರಲ್ಲಿ ಯುನೆಸ್ಕೋ ಪಟ್ಟೀಗೂ ಸೇರ್ತು. ನಾಲೆ ಕೊನೇ ಭಾಗದ ನಮ್ಮಪ್ಪಂಗೆ ಹೇಳಿದ್ರೆ ನಂಬ್ಲೇ ಇಲ್ಲ. ಹಳ್ಳಿ ಹಳ್ಳೀಲೂ ಸ್ಕೂಲ್ ಮಕ್ಳು ಅವ್ರ ಊರಿನ ಉಡುಪು ಹಾಕ್ಕೊಂಡು ರಸ್ತೆ ಪಕ್ಕ ಕುಣೀತಾ ಕೂಗ್ತವೆ, ಗ್ಯಾಮಲಾನ್ ಅಂತ ಕಂಚಿನ ವಾದ್ಯ ಬಾರಿಸ್ತಾರೆ. ಕೈ ತಟ್ಕೊಂಡು ಹೋಗಿ. ಬಾಗ್ಲು ಮುಂದೆ, ರಸ್ತೆ ಅಂಚಲ್ಲಿ ತೆಂಗಿನ ಗರಿ ಪುಟ್ಟ ಬುಟ್ಟೀಲಿ ಹೂವು ಇಟ್ಟಿರ್ತಾರೆ, ಅದು ಪೂಜೇದು, ತುಳೀಬೇಡಿ.

ಜೆ.ಪಿ. ನಗರದಿಂದ:
ನಾನು ಹಾಫ್ ಮಾತ್ರ ಮಾಡಿದ್ದು. ಬರೀ ನೀರು ಕುಡ್ದು ಕುಡ್ದು ತಲೆ ಸುತ್ತು ಬಂತು, ಉಪ್ಪು ಹೋಗಿರುತ್ತಲ್ಲ, ಓಆರ್‌ಎಸ್ ಪೊಟ್ಟಣ ಇಟ್ಕೊಳ್ಳಿ. ತೊಡೆ ಸಂದಿ, ಕಂಕುಳಿಗೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿ, ಒದ್ದೆ ಬಟ್ಟೆ ಉಜ್ಜಿ ಉಜ್ಜಿ ಸ್ನಾನ ಮಾಡುವಾಗ ಕಣ್ಣೀರು ಬಂತು ನಂಗೆ. ಹಿಂದಿನ ರಾತ್ರಿ ಅನ್ನ ತಿನ್ನಿ, ಅವ್ರ ಸಂಬಾಲ್ ಚಟ್ನಿ ಮುಟ್ಬೇಡಿ. ಫ್ಯಾಮಿಲಿ ಬರ್ತಿದ್ರೆ ಕೂಟಾ ಅನ್ನೋ ಊರು ಬೇಡ, ಸನೂರ್ ಕಡೆ ರೂಮ್ ಮಾಡಿ, ಸ್ಟಾರ್ಟಿಗೆ ಹತ್ರ. ವೀಸಾ ಅಲ್ಲಿ ಇಳಿದ್ಮೇಲೂ ಸಿಗುತ್ತೆ, 5 ಲಕ್ಷ ರುಪಿಯಾ, ಗಾಬರಿ ಆಗ್ಬೇಡಿ ಅವ್ರ ದುಡ್ಡಲ್ಲಿ. 2024ರಿಂದ ಪ್ರವಾಸಿಗಳಿಗೆ ತಲಾ 1.5 ಲಕ್ಷ ರುಪಿಯಾ ಶುಲ್ಕ ಬೇರೆ ಇದೆ.

ಮತ್ತೆ ವಿಜಯನಗರದಿಂದ:
ಎಲ್ರಿಗೂ ಥ್ಯಾಂಕ್ಸ್. ಸರಿ, 5 ಗಂಟೆ ಮೇಲೆ ಆದ್ರೂ ಆಗ್ಲಿ ಅಂತ ತೀರ್ಮಾನ ಮಾಡಿದೀನಿ. ನಮ್ಮತ್ತೆ ಮನೆ ಸುರತ್ಕಲ್ಲಲ್ಲೇ ಇದೆ, ನಾನೇ ಬಾಯ್ಬಿಟ್ಟು ಹತ್ತು ದಿನ ಅಲ್ಲಿ ಇರ್ತೀನಿ ಅಂದಿದ್ದಕ್ಕೆ ಹೆಂಡ್ತಿ ಬೆಳಗಿಂದ ಅನುಮಾನವಾಗಿ ನೋಡ್ತಿದಾಳೆ.